ಸರದಿ ಓದು ಬಂದಾಗ ಎಲ್ಲಿಗೆ ಹೋಗ್ತಿದ್ದೆ?

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬಿಆರ್‌ಸಿಯಲ್ಲಿ, ಅಂದರೆ ತಾಲ್ಲೂಕಿನ ಶಿಕ್ಷಕರ ತರಬೇತಿ ಕೇಂದ್ರದಲ್ಲಿ, ಸಮನ್ವಯ ಶಿಕ್ಷಣದ (ವಿಶೇಷ ಅಗತ್ಯದ ಮಕ್ಕಳಿಗೂ ಎಲ್ಲರ ಜೊತೆಯಲ್ಲೇ ಕಲಿಸುವುದರ) ತರಬೇತಿ ಮುಗಿಯುವ ಹೊತ್ತಿಗೆ ನಮಗೆಲ್ಲ ಒಂದು ಕೆಲಸ ಕೊಟ್ಟರು. ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಇದ್ದೂ ಓದು ಬರಹ ಹತ್ತದ ತೊಂದರೆ, ಇರುವ ಒಬ್ಬರನ್ನೋ, ಅವರ ಬೆನ್ನಿಗೆ ನಿಂತವರನ್ನೋ ಕೂರಿಸಿಕೊಂಡು ಮಾತಾಡಿಸಿ, ಬರೆದು ತನ್ನಿ ಅಂದರು. ಜೊತೆಯ ಶಿಕ್ಷಕರಲ್ಲಿ ಹೆಚ್ಚಿನವರು ತಮ್ಮ ತರಗತಿಯ ಮಗುವನ್ನೇ ಆರಿಸಿಕೊಂಡರು. ನಾನು ಬೆಳೆದು ದೊಡ್ಡವನಾದ ಹುಡುಗನೊಬ್ಬ ಸಿಗುತ್ತಾನಾ ಅಂತ ಹುಡುಕಿದೆ.

ಅದಕ್ಕೆ ಕಾರಣ ಇತ್ತು. ಎಂಟು ವರ್ಷದ ಮಗುವಿಗೆ ತನಗೆ ಏನಾಗುತ್ತಿದೆ ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಅದು ಪುಸ್ತಕ ಮರೆತು ಬರುತ್ತದೆ, ಹೊಟ್ಟೆನೋವು ಅನ್ನುತ್ತದೆ, ಪಕ್ಕದವನನ್ನು ಚಿವುಟುತ್ತದೆ. ನಮಗೆ ಕಾಣುವುದು ಇಷ್ಟೇ. ಓದಲಾರದ ಕಷ್ಟವನ್ನು ಮಗು ಮುಚ್ಚಿಡುತ್ತದೆ, ನಾವು ಆ ಮುಚ್ಚಳವನ್ನು ನೋಡಿ ಸೋಮಾರಿ, ತುಂಟ, ಗಮನ ಇಲ್ಲ ಅಂತ ಬರೆದುಬಿಡುತ್ತೇವೆ. ಒಳಗೆ ಏನಿತ್ತು ಅಂತ ಹೇಳಬಲ್ಲವರು ಅದನ್ನು ದಾಟಿ ಬಂದವರೇ ಅಲ್ವಾ?

ನಮ್ಮ ತಾಲ್ಲೂಕಿನ ಬಿಐಇಆರ್‌ಟಿ ಸರ್, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು, ಒಂದು ಮನೆಯನ್ನು ತೋರಿಸಿದರು. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ತಂದೆ ಟ್ರ್ಯಾಕ್ಟರ್ ಓಡಿಸುತ್ತಾರೆ. ಮಗನಿಗೆ ಈಗ ಇಪ್ಪತ್ತು, ಐಟಿಐ ಮುಗಿಸಿ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಹೆಸರು, ಊರು ಎಲ್ಲೂ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ತರಬೇತಿಯಲ್ಲಿ ನಮಗೆ ಒಪ್ಪಿಗೆ ಪತ್ರದ ನಮೂನೆ ಕೊಟ್ಟಿದ್ದರು. ಸಣ್ಣ ಅಕ್ಷರ, ಒತ್ತೊತ್ತಾದ ಸಾಲು, "ಸದರಿ ಅಧ್ಯಯನದಲ್ಲಿ ಸ್ವಇಚ್ಛೆಯಿಂದ ಭಾಗವಹಿಸಲು" ಅಂತ ಶುರುವಾಗುವ ವಾಕ್ಯಗಳು. ಓದುವುದೇ ಕಷ್ಟ ಇರುವವನ ಕೈಗೆ ಮೊದಲ ಭೇಟಿಯಲ್ಲೇ ಅಂಥದ್ದೊಂದು ಹಾಳೆ ಕೊಟ್ಟು ಓದಿ ಸಹಿ ಹಾಕಪ್ಪ ಅನ್ನುವುದು ನನಗೆ ಸರಿ ಕಾಣಲಿಲ್ಲ. ಅದರಲ್ಲಿದ್ದ ವಿಷಯವನ್ನೆಲ್ಲ ನನ್ನ ಮಾತಲ್ಲಿ ಹೇಳಿ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ. ಏನು ಕೇಳುತ್ತೇನೆ, ಯಾಕೆ ಕೇಳುತ್ತೇನೆ, ಯಾರಿಗೆ ತೋರಿಸುತ್ತೇನೆ, ಬೇಡ ಅನ್ನಿಸಿದರೆ ಮಧ್ಯದಲ್ಲಿ ಎದ್ದು ಹೋಗಬಹುದು, ಯಾವ ಮಾತು ತೆಗೆ ಅಂದರೂ ತೆಗೆಯುತ್ತೇನೆ. ಪ್ರಶ್ನೆಗಳನ್ನೂ ಹಾಗೇ ಕಳಿಸಿದೆ, ಒಂದು ಮೆಸೇಜಿಗೆ ಒಂದೇ ಪ್ರಶ್ನೆ. ಅವನಿಂದಲೂ ಉತ್ತರ ದನಿಯಲ್ಲೇ ಬಂತು. "ಸರಿ ಮಿಸ್, ಬನ್ನಿ. ಭಾನುವಾರ ಅಂಗಡಿ ಅರ್ಧ ದಿನ. ಅಮ್ಮನ್ನ ಒಂದ್ಸಲ ಕೇಳಿ, ನನ್ನ ಒಂದ್ಸಲ ಕೇಳಿ. ಒಟ್ಟಿಗೆ ಕೂರ್ಸಿದ್ರೆ ಅವ್ರೇ ಮಾತಾಡ್ತಾರೆ."

ಅವನು ಹೇಳಿದ ಹಾಗೇ ಮಾಡಿದೆ. ಮೊದಲು ತಾಯಿ.

ಮೊದಲ ಭೇಟಿಯಲ್ಲಿ ಫೋನ್ ತೆಗೆಯಲೇ ಇಲ್ಲ, ಸುಮ್ನೆ ಕೂತು ಮಾತಾಡಿದೆವು. ಎರಡನೇ ಸಲ ಹೋದಾಗ ಅವರೇ "ರೆಕಾರ್ಡ್ ಹಾಕ್ಕೊಳ್ಳಿ ಮೇಡಂ" ಅಂದರು. ಹೊಲಿಗೆ ಮೆಷಿನ್ ಪಕ್ಕದ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಮಗನ ಮೂರನೇ ತರಗತಿಯ ಕಾಪಿ ಪುಸ್ತಕ ಇತ್ತು.

ಆ ಪುಸ್ತಕವನ್ನು ನಾನು ಬಹಳ ಹೊತ್ತು ನೋಡಿದೆ. ಉಕ್ತಲೇಖನದ ಪುಟ. "ಅಮ್ಮ ಸಂತೆಗೆ ಹೋದಳು" ಅನ್ನುವುದು "ಅಮ ಸತೆಗೆ ಹೊದಳು" ಆಗಿದೆ. ಒತ್ತು ಇಲ್ಲ, ಸೊನ್ನೆ ಇಲ್ಲ, ದೀರ್ಘ ಇಲ್ಲ. "ಸೂರ್ಯ" ಒಂದು ಕಡೆ "ಸುಯ", ಇನ್ನೊಂದು ಕಡೆ "ಸೂಯರ". ಕೆಳಗೆ ಕೆಂಪು ಶಾಯಿಯಲ್ಲಿ "10 ಸಲ ಬರೆ" ಅಂತ ಇತ್ತು. ಹುಡುಗ ಹತ್ತು ಸಲ ಬರೆದಿದ್ದ. ಮೊದಲ ಐದೂ ತಪ್ಪು. ಆರನೆಯದು ಸರಿಯಾಗಿತ್ತು, ದೀರ್ಘ, ಅರ್ಕಾವೊತ್ತು ಎಲ್ಲ ಸೇರಿ ಚೆನ್ನಾಗಿ "ಸೂರ್ಯ". ಏಳರಿಂದ ಮತ್ತೆ ತಪ್ಪು. ಅದರ ಮೇಲೆ ಕೆಂಪು ಶಾಯಿ ಮತ್ತೆ ಹೇಳಿತ್ತು: "ಗಮನ ಕೊಟ್ಟು ಬರೆ".

ಒಂದು ಸಲ ಸರಿ ಬರೆದವನು ಮುಂದಿನ ಸಾಲಿನಲ್ಲೇ ತಪ್ಪುವುದನ್ನು ನೋಡಿದರೆ ಯಾರಿಗಾದರೂ ಅಜಾಗರೂಕತೆ ಅನ್ನಿಸುತ್ತದೆ. ಈ ತೊಂದರೆಯ ಗುರುತೇ ಅದು. ಇವತ್ತು ಬಂದ ಅಕ್ಷರ ನಾಳೆ ಬರುವುದಿಲ್ಲ, ಮೇಲಿನ ಸಾಲಿನಲ್ಲಿ ಬಂದದ್ದು ಕೆಳಗಿನ ಸಾಲಿನಲ್ಲಿ ಕೈಕೊಡುತ್ತದೆ. ಅದರ ಮೇಲೆ ನಮ್ಮ ಲಿಪಿಯ ಕಷ್ಟ ಬೇರೆ. ಬರೀ ಅಆಇಈ, ಕಖಗಘ ಕಲಿತರೆ ಆಗಲಿಲ್ಲ. ಕಾಗುಣಿತ ಬೇಕು, ಒತ್ತು ಬೇಕು, ಒಂದೊಂದು ವ್ಯಂಜನಕ್ಕೂ ಸ್ವರ ಸೇರಿ ಆಕಾರ ಬದಲಾಗುತ್ತದೆ. ನೂರಾರು ಆಕಾರಗಳು. ಏನೂ ತೊಂದರೆ ಇಲ್ಲದ ಮಕ್ಕಳೇ ಮೂರು ನಾಲ್ಕನೇ ತರಗತಿಯವರೆಗೂ ಇವನ್ನು ಕಲಿಯುತ್ತಲೇ ಇರುತ್ತಾರೆ. ಅರ್ಕಾವೊತ್ತಿನ ವಿಷಯವಂತೂ ಕೇಳುವುದೇ ಬೇಡ. "ಸೂರ್ಯ" ಅನ್ನುವಾಗ ಬಾಯಿಗೆ ಮೊದಲು ಬರುವುದು ರಕಾರ, ಕೈ ಅದನ್ನು ಬರೆಯುವುದು ಯಕಾರದ ಆಮೇಲೆ. ದನಿಗೂ ಅಕ್ಷರಕ್ಕೂ ಗಂಟು ಹಾಕುವುದೇ ಕಷ್ಟವಾದ ಮಗುವಿಗೆ ಅಲ್ಲಿ ಕ್ರಮವೇ ತಿರುಗುಮುರುಗು.

ಓದಿನಲ್ಲಿ ಕಾಣುವ ಈ ಕಲಿಕಾ ನ್ಯೂನತೆಗೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಡಿಸ್ಲೆಕ್ಸಿಯಾ ಅಂದರೆ ಅಕ್ಷರ ಉಲ್ಟಾ ಕಾಣುವ ಕಾಯಿಲೆ ಅಂತ ಬಹಳ ಜನ ತಿಳಿದಿದ್ದಾರೆ. ಈ ಹುಡುಗನಿಗೆ ಒಂದು ಅಕ್ಷರವೂ ಉಲ್ಟಾ ಕಂಡಿಲ್ಲ. ಅವನ ಮಾತನ್ನು ಮುಂದೆ ಹೇಳುತ್ತೇನೆ.

ತಾಯಿ ಪಟ್ಟ ಪಾಡನ್ನು ಅವರ ಮಾತಲ್ಲೇ ಕೇಳಬೇಕು. "ಎಲ್ರೂ ಒಂದೊಂದು ಹೇಳೋರು ಮೇಡಂ. ಒಂದೆಲಗದ ಚಟ್ನಿ ತಿನ್ಸಿ ಅಂದ್ರು, ಬೇಲಿ ಬದಿ ಎಲ್ಲಾ ಹುಡ್ಕಿ ತಂದು ವರ್ಷಗಟ್ಲೆ ತಿನ್ಸಿದೀನಿ. ಕನ್ನಡ್ಕ ಹಾಕ್ಸಿ ಅಂದ್ರು, ಹಾಸನಕ್ಕೆ ಕರ್ಕೊಂಡ್ ಹೋದೆ, ಕಣ್ಣು ಚೆನ್ನಾಗಿದೆ ಅಂದ್ರು. ತಾಯ್ತ ಕಟ್ಸಿದ್ದೂ ಆಯ್ತು. ನಮ್ಮತ್ತೆ ಮಾತ್ರ ಒಂದೇ ಮಾತು, ನಿನ್ ತಮ್ಮನ್ ತರ ಆಗವ್ನೆ, ಸೋದರಮಾವನ ಬುದ್ಧಿ ಅಂತ."

ಅವರ ತಮ್ಮ ಐದನೇ ತರಗತಿಗೆ ಶಾಲೆ ಬಿಟ್ಟವರು. ವಿದ್ಯೆ ಹತ್ತಲಿಲ್ಲ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಆ ಮಾತು ವರ್ಷಗಟ್ಟಲೆ ಈ ತಾಯಿಯ ತಲೆಮೇಲೆ ಕೂತಿತ್ತು, ಮಗನ ಕಷ್ಟ ತನ್ನ ತವರಿನಿಂದ ಬಂದದ್ದು ಅಂತ. ಆಮೇಲೆ ಮೈಸೂರಿನಲ್ಲಿ ಮಗನ ಓದಿನ ತೊಂದರೆಯ ಪರೀಕ್ಷೆ ಮಾಡುವಾಗ (ಆ ವಿಷಯ ಮುಂದೆ ಹೇಳುತ್ತೇನೆ), ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಓದಲು ಕಷ್ಟ ಇತ್ತಾ ಅಂತ ಕೇಳಿದರಂತೆ. ಇದು ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ, ಹಾಗಾಗಿ ಕೇಳಿಯೇ ಕೇಳುತ್ತಾರೆ. ತಾಯಿ ತಮ್ಮನ ವಿಷಯ ಹೇಳಿದರು. ತಂದೆ ಸುಮ್ಮನಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ, ಶ್ರೀರಂಗಪಟ್ಟಣ ದಾಟಿದ ಮೇಲೆ, "ನಂಗೂ ಹಿಂಗೇ ಆಗ್ತಿತ್ತು ಕಣೇ" ಅಂದರಂತೆ. ಅಷ್ಟೇ. ಅತ್ತೆಯ ಕಿವಿಗೆ ಅದು ಇವತ್ತಿನವರೆಗೂ ಬಿದ್ದಿಲ್ಲ. ಬೀಳಿಸುವುದು ಬೇಡ ಅಂತ ತಾಯಿಯೇ ಅಂದುಕೊಂಡಿದ್ದಾರೆ.

ನಾಲ್ಕನೇ ತರಗತಿಯಲ್ಲಿ ಯಾರೋ ಇಂಗ್ಲಿಷ್ ಮೀಡಿಯಂಗೆ ಹಾಕಿ, ಶಿಸ್ತು ಬರುತ್ತೆ ಅಂದರು. ಸಾಲ ಮಾಡಿ ಒಂದು ಖಾಸಗಿ ಶಾಲೆಗೆ ಸೇರಿಸಿದರು. ಕನ್ನಡದಲ್ಲಿ ಅಕ್ಷರ ನೋಡಿದರೆ ದನಿ ಇಂಥದ್ದೇ ಅಂತ ಒಂದು ಭರವಸೆಯಾದರೂ ಇರುತ್ತದೆ. ಇಂಗ್ಲಿಷಿನಲ್ಲಿ ಅದೂ ಇಲ್ಲ, ಒಂದೇ ಅಕ್ಷರಕ್ಕೆ ಮೂರು ನಾಲ್ಕು ದನಿ. ಹುಡುಗ ಪೂರ್ತಿ ಕುಸಿದ. ಎರಡು ವರ್ಷ ಆದಮೇಲೆ ಟಿಸಿ ತಗೊಂಡು ಹೋಗಿ ಅಂದರು. ಊರಿನ ಸರ್ಕಾರಿ ಶಾಲೆಗೇ ಮತ್ತೆ ಬಂದ.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಈ ಮನೆಯ ಕಥೆಯ ಒಳಗೇ ಅದು ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೆ ಜಾಗ ಇರಲಿಲ್ಲ. ಅದರಲ್ಲಿದ್ದದ್ದು ಏಳು ಬಗೆಯ ಅಂಗವೈಕಲ್ಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು, ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ನಮ್ಮ ಹುಡುಗ ಆಗ ಐದನೇ ತರಗತಿ ಮುಗಿಸಿದ್ದ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ತಪಾಸಣೆಯ ಮಾರ್ಗಸೂಚಿ ಹೊರಡಿಸಿತು. ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಾಲೆಯ ಶಿಕ್ಷಕರೇ ಮಕ್ಕಳನ್ನು ಮೊದಲ ಹಂತದಲ್ಲಿ ಗುರುತಿಸಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ಶಿಕ್ಷಕರೇ. ಅಂದರೆ ನಾವೇ. ತರಬೇತಿಯಲ್ಲಿ ಈ ಸಾಲು ಓದಿದಾಗ ಕೋಣೆಯಲ್ಲಿ ಎಷ್ಟೋ ಜನ ಪೆನ್ನು ತೆಗೆದು ಕೆಳಗೆ ಗೆರೆ ಎಳೆದರು.

ಹುಡುಗನ ಪುಣ್ಯ, ಎಂಟನೇ ತರಗತಿಯ ಗಣಿತದ ಮೇಷ್ಟ್ರು ಒಬ್ಬರು ಒಂದು ವಿಷಯ ಗಮನಿಸಿದರು. ಲೆಕ್ಕ ಬಾಯಲ್ಲಿ ಹೇಳಿದರೆ ಮೊದಲು ಉತ್ತರ ಕೊಡುವವನು ಇವನು. ಅದೇ ಲೆಕ್ಕವನ್ನು ವಾಕ್ಯವಾಗಿ ಬೋರ್ಡಿನ ಮೇಲೆ ಬರೆದರೆ ಮುಟ್ಟುವುದೇ ಇಲ್ಲ. ತಂದೆತಾಯಿಯನ್ನು ಕರೆಸಿ, ಮೈಸೂರಿಗೆ ಕರ್ಕೊಂಡು ಹೋಗಿ, ಮಾನಸಗಂಗೋತ್ರಿಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್ ಇದೆ ಅಂದರು. ತಾಯಿಗೆ ಗಾಬರಿ. "ಅದು ಕಿವಿ ಕೇಳದವರ ಆಸ್ಪತ್ರೆ ಅಲ್ವಾ ಮೇಡಂ, ನನ್ ಮಗನ್ ಕಿವಿಗೇನಾಗಿದೆ ಅಂದ್ಕೊಂಡೆ." ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಶ್ರವಣದ ಜೊತೆಗೆ ಕಲಿಕೆಯ ತೊಂದರೆಯನ್ನೂ ನೋಡುತ್ತಾರೆ ಅನ್ನುವುದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ.

ಅಲ್ಲಿ ನಡೆದದ್ದನ್ನು ತಾಯಿ ಒಂದೂ ಬಿಡದೆ ಹೇಳಿದರು. ಮೊದಲು ಕಿವಿ, ಕಣ್ಣು ಸರಿ ಇದೆಯಾ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಬುದ್ಧಿಮಟ್ಟದ ಪರೀಕ್ಷೆ. ಬ್ಲಾಕ್‌ಗಳನ್ನು ಜೋಡಿಸುವುದು, ಚಿತ್ರದಲ್ಲಿ ಇಲ್ಲದ್ದನ್ನು ಹೇಳುವುದು. ಹುಡುಗ ಅದನ್ನೆಲ್ಲ ಪಟಪಟ ಮಾಡಿದ. ಆಮೇಲೆ ಓದು, ಉಕ್ತಲೇಖನ, ಲೆಕ್ಕ, ಆಕಾರ ನೋಡಿ ಬರೆಯುವುದು. ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ ಪರೀಕ್ಷಾ ಮಾಲೆಯೇ 2018ರ ಮಾರ್ಗಸೂಚಿಯಲ್ಲಿ ಇದ್ದದ್ದು. ಕಿವಿ ಸರಿ, ಕಣ್ಣು ಸರಿ, ಬುದ್ಧಿ ಚುರುಕು. ಆದರೂ ಓದು ಬರಹ ವಯಸ್ಸಿಗಿಂತ ಬಹಳ ಹಿಂದೆ. ಈ ನಾಲ್ಕೂ ಒಟ್ಟಿಗೆ ಸೇರಿದಾಗ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಅನ್ನುತ್ತಾರೆ. ಬುದ್ಧಿಮಾಂದ್ಯತೆಯೇ ಬೇರೆ, ಇದೇ ಬೇರೆ.

"ದಡ್ಡ ಅಲ್ಲ ಅಂತ ಯಾರೋ ಓದಿರೋರು ಬಾಯ್ ಬಿಟ್ಟು ಹೇಳಿದ್ದು ಅದೇ ಮೊದ್ಲು" ಅಂದರು ತಾಯಿ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ರೆಕಾರ್ಡ್ ನಿಲ್ಲಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, ಹಾಕಿ ಮೇಡಂ, ಇನ್ನೂ ಇದೆ ಅಂದರು.

ಇನ್ನೂ ಇದ್ದದ್ದು ಸರ್ಟಿಫಿಕೇಟಿನ ಓಡಾಟ. ಪರೀಕ್ಷೆಯ ವರದಿ ಬೇರೆ, ಅಂಗವೈಕಲ್ಯದ ಪ್ರಮಾಣಪತ್ರ ಬೇರೆ. ಪ್ರಮಾಣಪತ್ರವನ್ನು ಕೊಡುವುದು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಮಂಡಳಿ. ಅವರು ಹೋದ ಒಂದು ಆಸ್ಪತ್ರೆಯಲ್ಲಿ ಕೌಂಟರಿನವರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಕೈಕಾಲು ಚೆನ್ನಾಗಿದೆಯಲ್ಲ, ಯಾಕೆ ಬಂದ್ರಿ ಅಂದರಂತೆ. ಆ ಮಾತನ್ನು ತಾಯಿ ಹೇಳಿದ ರೀತಿಯಲ್ಲೇ, ಅದು ಅವರಿಗೆ ಎಷ್ಟು ನಾಟಿದೆ ಅಂತ ಗೊತ್ತಾಗುತ್ತಿತ್ತು. ಕಡೆಗೆ ಬಿಐಇಆರ್‌ಟಿ ಸರ್ ಜೊತೆಗೆ ಹೋದರು, ಮಾರ್ಗಸೂಚಿಯ ಪ್ರತಿ ಇಟ್ಟುಕೊಂಡು. ಆಗ ಕೆಲಸ ಆಯಿತು. ಈ ಪ್ರಮಾಣಪತ್ರ ಆಗ ಎಂಟು ವರ್ಷ ತುಂಬಿದವರಿಗೆ ಮಾತ್ರ ಇತ್ತು. 14ಕ್ಕೆ ಒಂದು ಸಲ, 18ಕ್ಕೆ ಒಂದು ಸಲ ಮತ್ತೆ ಮಾಡಿಸಬೇಕು, 18ಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ ಅಂತ 2018ರ ಮಾರ್ಗಸೂಚಿ ಹೇಳಿತ್ತು. ತಾಯಿ ಎರಡನ್ನೂ ಲ್ಯಾಮಿನೇಷನ್ ಮಾಡಿಸಿ ಅದೇ ಕವರ್‌ನಲ್ಲಿ ಇಟ್ಟಿದ್ದಾರೆ.

ಹುಡುಗನ ಜೊತೆ ಮಾತಾಡಿದ್ದು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ. ಅವನೇ ಆ ಜಾಗ ಹೇಳಿದ್ದು. ಕೈ ಖಾಲಿ ಇದ್ದರೆ ಮಾತು ಬರುವುದಿಲ್ಲ ಅಂದ. ಒಂದು ಸಬ್‌ಮರ್ಸಿಬಲ್ ಮೋಟಾರಿನ ಸುಟ್ಟ ತಂತಿ ಬಿಚ್ಚುತ್ತಾ ಮಾತಾಡಿದ. ಫೋನನ್ನು ಅವನ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ, ನಾನು ಎದುರಿಗೆ ಕೂರದೆ ಪಕ್ಕಕ್ಕೆ ಕೂತೆ. ಎದುರಿಗೆ ಕೂತು ಪ್ರಶ್ನೆ ಕೇಳಿದರೆ ಮತ್ತೆ ಮೌಖಿಕ ಪರೀಕ್ಷೆಯೇ ಆಗಿಬಿಡುತ್ತದೆ.

ತರಬೇತಿಯ ಪ್ರಶ್ನಾವಳಿಯಲ್ಲಿ "ಸಮಸ್ಯೆ ಮೊದಲು ಯಾವಾಗ ಕಂಡುಬಂತು" ಎಂಬಂಥ ಪ್ರಶ್ನೆಗಳಿದ್ದವು. ಅವನ್ನು ತಾಯಿಗೆ ಕೇಳಿ ಮುಗಿಸಿದ್ದೆ. ಇವನಿಗೆ ದಿನದ ವಿಷಯ ಕೇಳಿದೆ. ಬಸ್ಸಿಗೆ ಹೇಗೆ ಹತ್ತುತ್ತೀಯ? ಮದುವೆ ಕಾರ್ಡ್ ಬಂದರೆ ಏನು ಮಾಡುತ್ತೀಯ? ಶಾಲೆಯಲ್ಲಿ ಸರದಿ ಓದು ಶುರುವಾದರೆ ಎಲ್ಲಿಗೆ ಹೋಗುತ್ತಿದ್ದೆ?

ಕೊನೆಯ ಪ್ರಶ್ನೆಗೆ ಅವನು ಜೋರಾಗಿ ನಕ್ಕ. "ನಿಮ್ಗೆ ಹೆಂಗ್ ಗೊತ್ತು ಮಿಸ್, ಎಲ್ಲಿಗಾದ್ರೂ ಹೋಗ್ತಿದ್ದೆ ಅಂತ?"

ಆಮೇಲೆ ಹೇಳಿದ್ದನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ಓದಿಸಲು ಶುರು ಮಾಡಿದ ಕೂಡಲೇ ಅವನು ತಲೆ ಎಣಿಸುತ್ತಿದ್ದ. ತನಗಿಂತ ಮೊದಲು ಎಷ್ಟು ಜನ ಅಂತ ನೋಡಿ, ಪುಸ್ತಕದಲ್ಲಿ ಅಷ್ಟು ಪ್ಯಾರಾ ಬಿಟ್ಟು ತನ್ನದು ಯಾವುದು ಅಂತ ಗುರುತು ಮಾಡಿಕೊಳ್ಳುವುದು. ಪಕ್ಕದ ಗೆಳೆಯನ ಕೈಲಿ ಅದೊಂದನ್ನು ಪಿಸುಗುಟ್ಟಿಸಿಕೊಳ್ಳುವುದು. ಎರಡು ಸಲ ಕೇಳಿದರೆ ಬಾಯಿಗೆ ಬರುತ್ತಿತ್ತು. ಸರದಿ ಬಂದಾಗ ಪುಸ್ತಕ ಎತ್ತಿ ಹಿಡಿದು, ಸಾಲಿನ ಮೇಲೆ ಬೆರಳು ಓಡಿಸುತ್ತಾ, ನೋಡದೆ ಒಪ್ಪಿಸಿಬಿಡುವುದು. ಬೆರಳು ಮಾತಿಗಿಂತ ಮುಂದೆ ಹೋಗದ ಹಾಗೆ ನೋಡಿಕೊಳ್ಳುವುದನ್ನೂ ಕಲಿತಿದ್ದ. ಒಂದು ದಿನ ಮೇಡಂ ಹಿಂದಿನ ಬೆಂಚಿನಿಂದ ಶುರು ಮಾಡಿದರು. ಅವತ್ತು ಎಲ್ಲ ಲೆಕ್ಕ ತಪ್ಪಿತು. ಹೊಟ್ಟೆ ಹಿಡಿದುಕೊಂಡು ಹೊರಗೆ ಓಡಿದ. ಆಮೇಲಿಂದ ಹೊಟ್ಟೆನೋವೇ ರೂಢಿಯಾಯಿತು. ಚಾಕ್‌ಪೀಸ್ ತರಲು, ಬೋರ್ಡ್ ಒರೆಸಲು, ಬಿಸಿಯೂಟದ ಅಕ್ಕನಿಗೆ ಲೆಕ್ಕ ಹೇಳಿಬರಲು ಮೊದಲು ಎದ್ದು ನಿಲ್ಲುವವನು ಇವನೇ. ರಿಪೋರ್ಟ್ ಕಾರ್ಡಿನಲ್ಲಿ ಅದಕ್ಕೆ "ತರಗತಿಯಲ್ಲಿ ಕೂರುವುದಿಲ್ಲ" ಅಂತ ಬಂತು.

ಇಷ್ಟನ್ನೂ ಮಾಡಲು ಎಷ್ಟು ನೆನಪಿನ ಶಕ್ತಿ ಬೇಕು, ಎಷ್ಟು ಮುಂದಾಲೋಚನೆ ಬೇಕು! ಓದುವ ಮಗು ಸರದಿ ಬಂದಾಗ ಸುಮ್ಮನೆ ಓದುತ್ತದೆ. ಈ ಮಗು ಪಿರಿಯಡ್ ಇಡೀ ದುಡಿದಿದೆ. ಅದನ್ನು ಕೇಳುತ್ತಾ ನನ್ನ ತರಗತಿಯ ಹಿಂದಿನ ಬೆಂಚುಗಳೆಲ್ಲ ಒಂದೊಂದಾಗಿ ಕಣ್ಣಮುಂದೆ ಬಂದವು.

ಓದುವಾಗ ಏನಾಗುತ್ತದೆ ಅಂತ ಕೇಳಿದೆ. ತಂತಿ ಬಿಚ್ಚುವುದನ್ನು ನಿಲ್ಲಿಸಿ ಯೋಚನೆ ಮಾಡಿ ಹೇಳಿದ. "ಅಕ್ಷರ ಕಾಣ್ಸಲ್ಲ ಅಂತಲ್ಲ ಮಿಸ್. ಚೆನ್ನಾಗೇ ಕಾಣ್ಸುತ್ತೆ. ಅದು ಏನು ಅಂತ ಬಾಯಿಗೆ ಬರೋಕೆ ಹೊತ್ತಾಗುತ್ತೆ. ಒಂದಕ್ಷರ ಬಂತು, ಎರಡ್ನೇದು ಬಂತು, ಮೂರ್ನೇದು ಬರೋ ಹೊತ್ಗೆ ಮೊದಲ್ನೇದು ಹೋಗಿರುತ್ತೆ. ಮತ್ತೆ ಮೊದ್ಲಿಂದ. ಸಾಲು ಮುಗ್ಯೋ ಹೊತ್ಗೆ ತಲೆ ಬಿಸಿಯಾಗಿರುತ್ತೆ, ಏನ್ ಓದ್ದೆ ಅಂತ ಕೇಳಿದ್ರೆ ಏನೂ ಇಲ್ಲ."

ಈಗಲೂ ಹಾಗೇನಾ ಅಂದೆ. ಈಗ ನಿಧಾನ ಅಷ್ಟೇ, ತಪ್ಪು ಕಮ್ಮಿ ಅಂದ. ಮೈಸೂರಿನಲ್ಲಿ ಹೇಳಿಕೊಟ್ಟ ಹಾಗೆ ಬಿಐಇಆರ್‌ಟಿ ಸರ್ ಮತ್ತು ತಾಯಿ ಸೇರಿ ಅವನಿಗೆ ಮೊದಲಿಂದ ಕಲಿಸಿದ್ದರು. ಪದವನ್ನು ದನಿದನಿಯಾಗಿ ಒಡೆಯುವುದು, ಚಪ್ಪಾಳೆ ತಟ್ಟಿ ಎಣಿಸುವುದು, ಒಂದೇ ಬಗೆಯ ಒತ್ತಕ್ಷರ ಇರುವ ಪದಗಳನ್ನು ಗುಂಪು ಮಾಡುವುದು, ಮರಳಿನ ಮೇಲೆ ಬೆರಳಲ್ಲಿ ಬರೆಯುತ್ತಾ ಬಾಯಲ್ಲಿ ಹೇಳುವುದು. ಇದಕ್ಕೆ ಮಾತ್ರೆ ಇಲ್ಲ, ಟಾನಿಕ್ ಇಲ್ಲ. ಕಲಿಸುವ ಕ್ರಮವೇ ಔಷಧ. ದಿನಾ ಸ್ವಲ್ಪ ಸ್ವಲ್ಪ, ವರ್ಷಗಟ್ಟಲೆ.

ಲಾಕ್‌ಡೌನ್ ಸಮಯದ ಬಗ್ಗೆ ಕೇಳಿದಾಗ ಎಲ್ಲರೂ ಹೇಳುವಂಥ ಕಷ್ಟವನ್ನೇ ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ಬೇರೆಯೇ ಹೇಳಿದ. ಚಂದನ ಟಿವಿಯಲ್ಲಿ ಪಾಠ ಬರುತ್ತಿತ್ತಲ್ಲ, ಆಗ ಕೂತು ಕೇಳಿದ್ದು ಅಷ್ಟೂ ತಲೆಗೆ ಹೋಯಿತಂತೆ. "ಎಲ್ರೂ ಕೇಳ್ಬೇಕು, ಯಾರೂ ಓದಂಗಿಲ್ಲ. ನಾನೂ ಎಲ್ರ ಸಮ ಆಗೋದೆ." ವಿಜ್ಞಾನದ ವಿದ್ಯುತ್ ಪಾಠ ಅವನಿಗೆ ಹಿಡಿಸಿದ್ದು ಅಲ್ಲೇ.

2022ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದ. ಬರೆದದ್ದು ಅವನ ಪರವಾಗಿ ಒಂಬತ್ತನೇ ತರಗತಿಯ ಹುಡುಗಿ. ಲಿಪಿಕಾರರನ್ನು ಪಡೆಯಲು, ಹೆಚ್ಚಿನ ಸಮಯ ಪಡೆಯಲು ಪ್ರಮಾಣಪತ್ರ ಇದ್ದವರಿಗೆ ಅವಕಾಶ ಇದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಷ್ಟು ಹೆಚ್ಚುವರಿ ಸಮಯ. ಜನ ಇದನ್ನು ರಿಯಾಯಿತಿ ಅನ್ನುತ್ತಾರೆ, ಇನ್ನೊಬ್ಬರು ಬರೆದರೆ ಯಾರು ಬೇಕಾದರೂ ಪಾಸಾಗುತ್ತಾರೆ ಅಂತ ಹಗುರವಾಗಿ ಮಾತಾಡುತ್ತಾರೆ. ಅವನಿಗೆ ಅದು ಎಷ್ಟು ಅಭ್ಯಾಸ ಬೇಡಿತು ಅಂತ ಕೇಳಿ. ಉತ್ತರ ಇಡೀ ತಲೆಯಲ್ಲಿ ಜೋಡಿಸಿಕೊಳ್ಳಬೇಕು. ಆ ಹುಡುಗಿಯ ಕೈ ಓಡುವ ವೇಗಕ್ಕೆ ಸರಿಯಾಗಿ ಬಿಟ್ಟುಬಿಟ್ಟು ಹೇಳಬೇಕು. ಮಧ್ಯದಲ್ಲಿ ಅವಳು ಏನಂದೆ ಅಣ್ಣ ಅಂದರೆ ದಾರ ಕಡಿಯದ ಹಾಗೆ ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಇವನು ಚಿತ್ರದ ಪ್ರಶ್ನೆ ಬಂದಾಗ, ಗೆರೆ ಎಲ್ಲಿಂದ ಎಲ್ಲಿಗೆ ಅಂತ ಬಾಯಲ್ಲಿ ಹೇಳುವುದನ್ನೂ ಅಭ್ಯಾಸ ಮಾಡಿದ್ದ. ಪಾಸಾದ. ಎಷ್ಟು ಅಂಕ ಅಂತ ಕೇಳಬೇಡಿ ಅಂದ, ನಾನೂ ಕೇಳಲಿಲ್ಲ.

ಈಗಿನ ಕೆಲಸದ ಬಗ್ಗೆ ಮಾತ್ರ ಅವನು ನಿಲ್ಲಿಸದೆ ಮಾತಾಡಿದ. ಬಂದ ಮೋಟಾರನ್ನು ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ. ಆಮೇಲೆ ವಾಯ್ಸ್ ರೆಕಾರ್ಡ್: ಯಾರ ತೋಟದ್ದು, ಎಷ್ಟು ಎಚ್‌ಪಿ, ಎಷ್ಟು ಸ್ಲಾಟ್, ಎಷ್ಟು ಸುತ್ತು, ಯಾವ ಗೇಜಿನ ತಂತಿ. ಮಾಲೀಕರು ಪುಸ್ತಕದಲ್ಲಿ ಬರೆಯುತ್ತಾರೆ, ಇವನದು ಫೋನಿನಲ್ಲಿ. ಮಾಲೀಕರ ಪುಸ್ತಕ ಎಣ್ಣೆ ಕುಡಿದು ಪುಟ ಅಂಟಿಕೊಂಡಿತ್ತು, ಇವನ ದಾಖಲೆ ಬೇಕಾದಾಗ ತಕ್ಷಣ ಸಿಕ್ಕಿತು. ನನ್ನೆದುರಿಗೇ ಒಂದು ಕೇಳಿಸಿದ.

ಬಸ್ಸಿನ ಪ್ರಶ್ನೆಗೆ ಬಂದೆವು. ನಮ್ಮ ಕಡೆಯ ಬಸ್ಸಿಗೆ ನಂಬರ್ ಇಲ್ಲ, ಬೋರ್ಡಿನಲ್ಲಿ ಊರಿನ ಹೆಸರಷ್ಟೇ. "ಚನ್ನರಾಯಪಟ್ಟಣ ಉದ್ದ, ಹಾಸನ ಗಿಡ್ಡ. ಹೊಳೆನರಸೀಪುರನೂ ಉದ್ದನೇ, ಅದ್ರ ಶುರುನಲ್ಲಿ ಒಂದು ಕೊಂಬು ಇರುತ್ತೆ. ಓದಲ್ಲ ಮಿಸ್, ನೋಡ್ತೀನಿ." ಮದುವೆ ಕಾರ್ಡನ್ನು ತಾಯಿ ಓದುತ್ತಾರೆ. ಬ್ಯಾಂಕಿನ ಚೀಟಿಗೆ ಈಗಲೂ ಬೆವರುತ್ತಾನೆ, ಹಿಂದೆ ಜನ ನಿಂತಿದ್ದರೆ ಸಹಿ ಕೂಡ ಹಾಳಾಗುತ್ತದೆ.

ಐನ್‌ಸ್ಟೀನ್‌ಗೂ ಹೀಗೇ ಇತ್ತು ಅಂತ ಯಾರಾದರೂ ಹೇಳಿದರೆ ಏನನ್ನಿಸುತ್ತದೆ ಅಂತ ಕೇಳಿದೆ, ಯಾಕೆಂದರೆ ತರಬೇತಿಯಲ್ಲೂ ಆ ಮಾತು ಬಂದಿತ್ತು. ಐನ್‌ಸ್ಟೀನ್ ವಿಷಯವನ್ನು ಯಾರೂ ಸಾಬೀತು ಮಾಡಿಲ್ಲ ಅನ್ನುವುದು ಒಂದು ಕಡೆ ಇರಲಿ. ಅವನು ಹೇಳಿದ್ದು ಇದು: "ಅವ್ರು ದೊಡ್ಡೋರಾದ್ರು ಅಂತ ನಾನೂ ಆಗ್ಬೇಕಾ? ನಂಗೆ ಮೋಟಾರ್ ಅಂಗ್ಡಿ ಸಾಕು. ಓದಕ್ಕೆ ಬರ್ದಿದ್ರೂ ಹೊಡೀದೆ ಇದ್ರೆ ಆಗಿತ್ತು." ಈ ಸಾಲನ್ನು ನಾನು ವರದಿಯ ಮೊದಲ ಪುಟದಲ್ಲಿ ಹಾಕಿದೆ.

ರೆಕಾರ್ಡನ್ನು ಬರಹಕ್ಕೆ ಇಳಿಸಲು ಬಹಳ ದಿನ ಹಿಡಿಯಿತು. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಜೀವನವಿಡೀ ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡವನ ಮಾತನ್ನು ನಾನೂ ತಿದ್ದಬೇಕಾ? ಬರೆದದ್ದನ್ನು ಪೂರ್ತಿ ಓದಿ, ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಇಬ್ಬರಿಗೂ ಕಳಿಸಿದೆ. ತಾಯಿ ಅತ್ತೆಯ ಬಗ್ಗೆ ಹೇಳಿದ ಇನ್ನೆರಡು ಮಾತನ್ನು ತೆಗೆಸಿದರು. ಹುಡುಗ ಒಬ್ಬ ಶಿಕ್ಷಕರ ಹೆಸರು ತೆಗೆಸಿದ, "ಈಗ ರಿಟೈರ್ ಆಗವ್ರೆ, ಸಿಕ್ರೆ ಮಾತಾಡಿಸ್ತಾರೆ" ಅಂದ. ಒಂದನ್ನು ಸೇರಿಸಲೂ ಹೇಳಿದ. ಓದಿಸುವ ಮುಂಚೆ ನಾಳೆ ನೀನು ಈ ಪ್ಯಾರಾ ಓದ್ತೀಯ ಅಂತ ಹಿಂದಿನ ದಿನವೇ ಮಗುವಿಗೆ ಹೇಳಿ, ಇಲ್ಲವೇ ಇಬ್ಬರಿಬ್ಬರನ್ನು ಒಟ್ಟಿಗೆ ಓದಿಸಿ. ಇದಕ್ಕೆ ದುಡ್ಡು ಬೇಕಿಲ್ಲ, ಸರ್ಟಿಫಿಕೇಟ್ ಬೇಕಿಲ್ಲ.

ಅವರ ಒಪ್ಪಿಗೆ ಪಡೆದು ತಲೆ ಎಣಿಸುವ ಭಾಗವನ್ನು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಕೇಳಿಸಿದೆ. ಮುಗಿದ ಮೇಲೆ ಒಬ್ಬ ಹಿರಿಯ ಶಿಕ್ಷಕಿ, ತನ್ನ ತರಗತಿಯಲ್ಲಿ ಬೋರ್ಡ್ ಒರೆಸಲು ಯಾವಾಗಲೂ ಮೊದಲು ಏಳುವ ಹುಡುಗಿ ಒಬ್ಬಳಿದ್ದಾಳೆ ಅಂದರು. ನಾಲ್ಕನೇ ತರಗತಿ, ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಮುಂದಿನ ಮಾತುಕತೆ ಅವರ ಮನೆಯಲ್ಲಿ. ಅಜ್ಜಿ ಬನ್ನಿ ಅಂದಿದ್ದಾರೆ. ಹುಡುಗಿಯನ್ನು ಮಾತ್ರ ಈಗಲೇ ಏನೂ ಕೇಳುವುದಿಲ್ಲ, ಅವಳ ಜೊತೆ ಕೂತು ಚಿತ್ರ ಬಿಡಿಸುತ್ತೇನೆ. ಮೈಸೂರಿಗೆ ಹೋಗುವುದಾದರೆ ಜೊತೆಗೆ ತಾನೂ ಬರುತ್ತೇನೆ ಅಂತ ಹೊಲಿಗೆಯ ಅಕ್ಕ ಹೇಳಿ ಕಳಿಸಿದ್ದಾರೆ, ಯಾವ ಬಾಗಿಲಲ್ಲಿ ಚೀಟಿ ಮಾಡಿಸಬೇಕು ಅಂತ ಅವರಿಗೆ ಗೊತ್ತು.